ಪುತ್ತೂರು, ಸುಳ್ಯ, ಕಡಬ ಸೀಮೆಯಲ್ಲಿ ಹೊಗೆಬಂಡಿಯ ನೆನಪು

ಪುತ್ತೂರು, ಸುಳ್ಯ ಮತ್ತು ಕಡಬ ತಾಲೂಕುಗಳಿಂದ ಬಂದ ನಮ್ಮ ವಿದ್ಯಾರ್ಥಿಗಳಿಗೆ ತಮ್ಮ ತಮ್ಮ ಮನೆಯ ಹಿರಿಯರಿಂದ ರೈಲಿನ ನೆನಪುಗಳನ್ನು ಕೇಳಿ ಬರೆದು ತರುವಂತೆ ನಾವು ಹೇಳಿದ್ದುಂಟು. ತುಳುವಿನಲ್ಲಿ, ಅರೆಭಾಷೆಯಲ್ಲಿ, ಹವ್ಯಕ ಕನ್ನಡದಲ್ಲಿ ಹೇಳಲ್ಪಟ್ಟು, ವಿದ್ಯಾರ್ಥಿಗಳ ಕೈಯಲ್ಲಿ ಗ್ರಂಥಸ್ಥ ಕನ್ನಡವಾಗಿ ಬಂದ ಆ ಬರಹಗಳಲ್ಲಿ ಒಂದು ಚಿತ್ರ ಮತ್ತೆ ಮತ್ತೆ ಕಾಣಿಸಿಕೊಂಡಿತು. ಕರಿಯ ಹೊಗೆಯನ್ನು ಕಾರುತ್ತ, ಏದುಸಿರು ಬಿಡುತ್ತ, ಸುರಂಗದಿಂದ ಸುರಂಗಕ್ಕೆ ನುಗ್ಗಿ ಘಟ್ಟವನ್ನೇರುವ ಹಳೆಯ ಹೊಗೆಬಂಡಿಯ ಚಿತ್ರವದು. ಅದರೊಡನೆ ಒಂದು ನಿಟ್ಟುಸಿರು. ಆ ಕಾಲ ಹೋಯಿತಲ್ಲ ಎಂಬ ಹಳಹಳಿಕೆ. ಓದಲು ಹಿತವಾದ ಬರಹಗಳೇ. ಆದರೆ ಚರಿತ್ರೆಯನ್ನು ಪಾಠ ಹೇಳುವವರಿಗೆ ಇಲ್ಲೊಂದು ತೊಡಕು ಎದುರಾಗುತ್ತದೆ. ಸುಬ್ರಹ್ಮಣ್ಯದಿಂದ ಸಕಲೇಶಪುರಕ್ಕೆ ಘಟ್ಟವನ್ನೇರುವ ಹಾದಿಯಲ್ಲಿ ಮಂಗಳೂರು–ಹಾಸನ ರೈಲು ಸಂಚರಿಸತೊಡಗಿದ್ದು 1979ರಲ್ಲಿ. ಅಷ್ಟರೊಳಗೆ ಉಗಿಯಂತ್ರದ ಕಾಲ ಮುಗಿಯುತ್ತ ಬಂದಿತ್ತು. ಆ ಘಟ್ಟದ ಭಾರವನ್ನು ಹೊತ್ತದ್ದು ಡೀಸೆಲ್ ಇಂಜಿನು. ಹಾಗಾದರೆ ಈ ಹಿರಿಯರು ನೆನೆಯುತ್ತಿರುವುದು ಯಾವ ಬಂಡಿಯನ್ನು? ಈ ಪ್ರಶ್ನೆಯನ್ನು ಹಿಡಿದು ಮೂರು ತಾಲೂಕುಗಳ ರೈಲಿನ ಚರಿತ್ರೆಯನ್ನು ಅವಲೋಕಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಹೊಗೆಬಂಡಿಯ ಹಳಹಳಿಕೆಗೆ ಜಗತ್ತಿನಲ್ಲಿ ಮಾದರಿಯೆನಿಸಿದ್ದು ಇಂಗ್ಲೆಂಡು. ಉಗಿಯಂತ್ರ ಹುಟ್ಟಿದ ನಾಡು ಅದು. ಅಲ್ಲಿನ ಸರಕಾರಿ ರೈಲ್ವೆಯು 1955ರ ಆಧುನೀಕರಣ ಯೋಜನೆಯಲ್ಲಿ ಉಗಿಗೆ ವಿದಾಯ ಹೇಳಲು ನಿಶ್ಚಯಿಸಿತು. 1960ರಲ್ಲಿ ಸ್ವಿಂಡನ್ ಕಾರ್ಖಾನೆಯಿಂದ ಹೊರಬಂದ ಕಡೆಯ ಯಂತ್ರಕ್ಕೆ 'ಈವ್ನಿಂಗ್ ಸ್ಟಾರ್' ಎಂದು ಹೆಸರಿಟ್ಟರು. 1963ರಲ್ಲಿ ಬೀಚಿಂಗ್ ವರದಿಯು ಎರಡು ಸಾವಿರಕ್ಕೂ ಹೆಚ್ಚು ನಿಲ್ದಾಣಗಳನ್ನು ಮುಚ್ಚಬೇಕೆಂದು ಸೂಚಿಸಿತು. 1968ರ ಆಗಸ್ಟ್ 11ರಂದು ಮುಖ್ಯ ಮಾರ್ಗಗಳಲ್ಲಿ ಉಗಿಯ ಓಟವು ಕೊನೆಗೊಂಡಿತು. ವೇಲ್ಸಿನ ಟ್ಯಾಲಿಲಿನ್ ಎಂಬ ಪುಟ್ಟ ಮಾರ್ಗವನ್ನು ಹವ್ಯಾಸಿಗಳೇ ಸೇರಿ 1951ರಲ್ಲಿ ನಡೆಸಲಾರಂಭಿಸಿದ್ದರು. 1960ರಲ್ಲಿ ಸಸೆಕ್ಸಿನ ಬ್ಲೂಬೆಲ್ ಮಾರ್ಗವು ಅದೇ ದಾರಿ ಹಿಡಿಯಿತು. ಅಲ್ಲಿಯ ಜನರು ಒಂದು ಶತಮಾನಕ್ಕೂ ಹೆಚ್ಚು ಕಾಲ ಬಳಸಿದ ವಸ್ತುವನ್ನು ಕಳೆದುಕೊಂಡು ಮರುಗಿದರು. ಆ ಮರುಕಕ್ಕೆ ಆಧಾರವಿತ್ತು. ನಮ್ಮ ಸೀಮೆಯ ಸ್ಥಿತಿ ಬೇರೆ. ಇಲ್ಲಿ ರೈಲು ಬರುವುದಕ್ಕೆ ಮುಂಚೆಯೇ ರೈಲಿನ ನೆನಪು ಇತ್ತೆಂದರೆ ವಾಚಕರಿಗೆ ಸೋಜಿಗವೆನಿಸಬಹುದು. ಆದರೆ ಸಂಗತಿ ಹೆಚ್ಚುಕಡಿಮೆ ಹಾಗೆಯೇ ಇದೆ.

ಮಂಗಳೂರಿಗೆ ರೈಲು ಬಂದದ್ದು 1907ರಲ್ಲಿ. ಮದ್ರಾಸ್ ರೈಲ್ವೆ ಕಂಪನಿಯು ಶೋರನೂರಿನಿಂದ ಕಲ್ಲಿಕೋಟೆ, ಕಣ್ಣಾನೂರು, ಕಾಸರಗೋಡುಗಳ ಮೂಲಕ ಕರಾವಳಿಯುದ್ದಕ್ಕೂ ತಂದ ಬ್ರಾಡ್‌ಗೇಜ್ ಹಾದಿ ಅದು. ಮರುವರ್ಷವೇ ಅದರ ಆಡಳಿತವು ಸೌತ್ ಇಂಡಿಯನ್ ರೈಲ್ವೆಯ ಕೈಗೆ ಹೋಯಿತು. ಪುತ್ತೂರಿನವರು, ಸುಳ್ಯದವರು ಹೊಗೆಬಂಡಿಯನ್ನು ಕಂಡದ್ದು ಅಲ್ಲಿ. ಕೋರ್ಟು ಕೆಲಸಕ್ಕೋ, ಆಸ್ಪತ್ರೆಗೋ, ಅಡಿಕೆ ಮಾರುವುದಕ್ಕೋ ಮಂಗಳೂರಿಗೆ ಹೋದವರು ಮಕ್ಕಳನ್ನು ಕರೆದೊಯ್ದು, ಬೇರೇನೂ ಪ್ರಯೋಜನವಿಲ್ಲದೆ, ಬರಿದೇ ಬಂಡಿಯನ್ನು ತೋರಿಸಿಕೊಂಡು ಬರುತ್ತಿದ್ದರು. ನಮ್ಮ ವಿದ್ಯಾರ್ಥಿಗಳು ತಂದ ಬರಹಗಳಲ್ಲಿ ಎಂಬತ್ತು ದಾಟಿದವರ ನೆನಪುಗಳನ್ನು ಪ್ರತ್ಯೇಕಿಸಿ ಓದಿದಾಗ ಈ ಅಂಶ ಸ್ಪಷ್ಟವಾಯಿತು: ಅವರ ಹೊಗೆಬಂಡಿ ನಿಂತಿರುವುದು ಮಂಗಳೂರಿನ ನಿಲ್ದಾಣದಲ್ಲಿ. ಮೊಮ್ಮಕ್ಕಳು ಬರೆದುಕೊಳ್ಳುವಾಗ ಅದನ್ನು ನೆಟ್ಟಣದ ಘಟ್ಟಕ್ಕೆ ಸಾಗಿಸಿದ್ದಾರೆ. ಒಂದು ತಲೆಮಾರಿನಿಂದ ಮತ್ತೊಂದಕ್ಕೆ ದಾಟುವಾಗ ನೆನಪು ಸ್ಥಳ ಬದಲಿಸುವುದು ಮೌಖಿಕ ಚರಿತ್ರೆಯಲ್ಲಿ ಹೊಸತೇನಲ್ಲ.

1907ರ ಆ ಹಾದಿ ಪುತ್ತೂರಿನವರಿಗೆ ಎಷ್ಟು ಉಪಯೋಗಕ್ಕೆ ಬಂತು? ಮದರಾಸಿಗೆ ಹೋಗುವವರಿಗೆ ಬಂತು. ಮೈಸೂರಿಗೋ ಬೆಂಗಳೂರಿಗೋ ಹೋಗಬೇಕಾದವರು ಸಂಪಾಜೆ ಘಟ್ಟವನ್ನೇರಿ ಮಡಿಕೇರಿಯ ಮಾರ್ಗವಾಗಿ ಹೋಗುವುದೇ ಸುಗಮವಾಗಿತ್ತು. ಮಡಿಕೇರಿ, ಸುಳ್ಯ, ಪುತ್ತೂರು, ಮಂಗಳೂರುಗಳನ್ನು ಪೋಣಿಸುವ ಈ ದಾರಿ ಪುರಾತನವಾದದ್ದು. 1837ರ ಬಂಡಾಯದಲ್ಲಿ ಸುಳ್ಯ, ಬೆಳ್ಳಾರೆಗಳಿಂದ ಹೊರಟ ರೈತರ ದಂಡು ಮಂಗಳೂರನ್ನು ಸೇರಿದ್ದು ಪುತ್ತೂರಿನ ಮೇಲಿನಿಂದಲೇ. ಮಂಗಳೂರಿನಲ್ಲಿ 1914ರಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿ ಆರಂಭವಾದ ಮೇಲೆ ಜಿಲ್ಲೆಗೆ ಬಸ್ಸಿನ ಯುಗ ಬಂತು. ಬಹುಶಃ ಭಾರತದ ಕೆಲವೇ ಜಿಲ್ಲೆಗಳು ನಮ್ಮಷ್ಟು ಬಸ್ಸನ್ನು ನೆಚ್ಚಿಕೊಂಡಿವೆ. ಪುತ್ತೂರಿನ ಬಾಲವನದಲ್ಲಿ ದಶಕಗಳ ಕಾಲ ನೆಲೆಸಿ ದೇಶವನ್ನೆಲ್ಲ ಸುತ್ತಿದ ಶಿವರಾಮ ಕಾರಂತರು ಕೂಡ ಆ ಅವಧಿಯ ಹೆಚ್ಚಿನ ವರ್ಷಗಳಲ್ಲಿ ರೈಲಿಲ್ಲದ ಊರಿನ ನಿವಾಸಿಗಳೇ ಆಗಿದ್ದರು.

ಇಲ್ಲಿ ಬಸ್ಸಿನ ಒಂದು ಸಂಗತಿಯನ್ನು ಹೇಳದೆ ಮುಂದೆ ಹೋಗುವಂತಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲಿಗೆ ಪಡಿತರ ಬಂದಾಗ ಬಸ್ಸುಗಳನ್ನು ಇದ್ದಿಲಿನ ಗ್ಯಾಸಿನಿಂದ ಓಡಿಸಬೇಕಾಯಿತು. ಬಸ್ಸಿಗೆ ಉರುಟಾದ ಒಂದು ಕಬ್ಬಿಣದ ಒಲೆಯನ್ನು ಕಟ್ಟಿ, ಅದರಲ್ಲಿ ಇದ್ದಿಲನ್ನು ಉರಿಸಿ, ಗಾಳಿ ಹಾಕುವ ತಿರುಗಣೆಯನ್ನು ಕೈಯಿಂದ ತಿರುಗಿಸಿ, ಗ್ಯಾಸು ಹುಟ್ಟಿದ ಮೇಲೆ ಇಂಜಿನನ್ನು ಚಾಲೂ ಮಾಡುತ್ತಿದ್ದರು. ಏರು ಬಂದರೆ ಪ್ರಯಾಣಿಕರು ಇಳಿದು ನಡೆಯುವುದು, ಕೆಲವೊಮ್ಮೆ ನೂಕುವುದು ಸಾಮಾನ್ಯ. ಹೊಗೆ, ಮಸಿ, ಏದುಸಿರು, ದಾರಿಯಲ್ಲಿ ನಿಂತು ನೀರು ಕುಡಿಯುವ ಯಂತ್ರ, ಇವೆಲ್ಲ ಈ ಸೀಮೆಯ ಹಿರಿಯರಿಗೆ ಸ್ವಾನುಭವದ ಮಾತು. ಆದರೆ ಅವು ರೈಲಿನವಲ್ಲ, ಬಸ್ಸಿನವು. ಒಂದೆರಡು ಬರಹಗಳಲ್ಲಿ ರೈಲಿನ ಪ್ರಯಾಣಿಕರು ಇಳಿದು ಗಾಡಿಯನ್ನು ನೂಕಿದರೆಂದು ಬರೆದದ್ದನ್ನು ಕಂಡು ನಾವು ಮೊದಲು ನಕ್ಕೆವು. ಅನಂತರ ಯೋಚಿಸಿದಾಗ ಅದು ಇದ್ದಿಲು ಬಸ್ಸಿನ ನೆನಪು ರೈಲಿನೊಳಕ್ಕೆ ಸೇರಿಕೊಂಡದ್ದೆಂದು ಹೊಳೆಯಿತು. ನಗಬಾರದಾಗಿತ್ತು.

ರೈಲಿನೊಡನೆ ಈ ಕಾಡುಗಳಿಗೆ ಮತ್ತೊಂದು ಬಗೆಯ ಸಂಬಂಧವೂ ಇತ್ತು. ಪಶ್ಚಿಮಘಟ್ಟದ ತಪ್ಪಲಿನ ಕಿರಾಲುಬೋಗಿ ಮರವು ರೈಲು ಹಳಿಯ ಕೆಳಗೆ ಹಾಸುವ ಸ್ಲೀಪರುಗಳಿಗೆ ಅತ್ಯಂತ ಯೋಗ್ಯವೆಂದು ಅರಣ್ಯಶಾಸ್ತ್ರದ ಗ್ರಂಥಗಳಲ್ಲಿ ಹೆಸರಾದುದು. ಗೆದ್ದಲಿಗೂ ತೇವಕ್ಕೂ ಅದು ಸುಲಭವಾಗಿ ಬಗ್ಗುವುದಿಲ್ಲ. ತನಗೆ ರೈಲು ದಕ್ಕುವ ಮುಂಚೆಯೇ ರೈಲಿಗೆ ಬೇಕಾದ ಮರವನ್ನು ಬೆಳೆಸಿದ ಸೀಮೆ ಇದು. ಈ ಮರದ ವ್ಯಾಪಾರದ ಚರಿತ್ರೆಯೇ ಪ್ರತ್ಯೇಕವಾದ ಒಂದು ಪ್ರಬಂಧಕ್ಕೆ ವಸ್ತುವಾಗಬಲ್ಲದು.

ಘಟ್ಟವನ್ನು ದಾಟುವ ರೈಲು ಇಷ್ಟು ತಡವಾದದ್ದೇಕೆ? ಕೇವಲ ಬೆಟ್ಟಗಳನ್ನು ಕಾರಣವೆನ್ನುವುದು ಸರಿಯಲ್ಲ. ಅವಕ್ಕಿಂತ ಕಠಿಣವಾದ ಬೆಟ್ಟಗಳನ್ನು ಆಂಗ್ಲರು ಹತ್ತೊಂಬತ್ತನೆಯ ಶತಮಾನದಲ್ಲೇ ದಾಟಿದ್ದರು. ಬೊಂಬಾಯಿಯ ಭೋರ್ ಘಟ್ಟ ಇದಕ್ಕೆ ಸಾಕ್ಷಿ. ನಮ್ಮ ಅಭಿಪ್ರಾಯದಲ್ಲಿ ರಾಜಕೀಯ ಗಡಿಯೇ ಮುಖ್ಯ ಕಾರಣ. ಘಟ್ಟದ ಕೆಳಗೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆ. ಮೇಲೆ ಮೈಸೂರು ಸಂಸ್ಥಾನ. ಕೆಳಗಿನ ಹಳಿ ಬ್ರಾಡ್‌ಗೇಜ್, ಮೇಲಿನದು ಮೀಟರ್‌ಗೇಜ್. 1910ರ ದಶಕದ ಕೊನೆಯ ವೇಳೆಗೆ ಮೈಸೂರಿನಿಂದ ಹಾಸನದ ಮೇಲೆ ಅರಸೀಕೆರೆಗೆ ಮೀಟರ್‌ಗೇಜ್ ಮಾರ್ಗ ಬಂದಿತ್ತು. ಹಾಸನದಿಂದ ಸಮುದ್ರಕ್ಕೆ ಇನ್ನು ಉಳಿದದ್ದು ಇನ್ನೂರು ಕಿಲೋಮೀಟರಿಗೂ ಕಡಿಮೆ. ಆ ಅಂತರವನ್ನು ತುಂಬಲು ಅರುವತ್ತು ವರ್ಷ ಹಿಡಿಯಿತು. ತನ್ನದಲ್ಲದ ಬಂದರಿಗೆ ಹಣ ಸುರಿಯಲು ಸಂಸ್ಥಾನಕ್ಕೆ ಎಷ್ಟು ಆಸಕ್ತಿ ಇದ್ದೀತು? ತನ್ನ ಜಿಲ್ಲೆಯ ಸರಕು ಮೈಸೂರಿನತ್ತ ತಿರುಗುವುದರಲ್ಲಿ ಮದರಾಸಿಗೆ ತಾನೆ ಏನು ಲಾಭ?

1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯು ಈ ಗಂಟನ್ನು ಬಿಚ್ಚಿತು, ಬಿಚ್ಚುವಾಗಲೇ ಮತ್ತೊಂದನ್ನು ಹಾಕಿತು. ದಕ್ಷಿಣ ಕನ್ನಡವು ಮೈಸೂರು ರಾಜ್ಯಕ್ಕೆ ಸೇರಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಅದರೊಡನೆ 1907ರ ರೈಲುಹಾದಿಯ ದೊಡ್ಡ ಪಾಲೂ ಹೋಯಿತು. ಉಳ್ಳಾಲದಾಚೆ ತುಸು ದೂರದಲ್ಲೇ ರಾಜ್ಯದ ಗಡಿ. ಹೊಸ ರಾಜ್ಯದ ಪ್ರಮುಖ ಬಂದರು ಪಟ್ಟಣದಿಂದ ರಾಜಧಾನಿಗೆ ರೈಲಿನಲ್ಲಿ ಹೋಗಬೇಕಾದರೆ ಬೇರೆ ಎರಡು ರಾಜ್ಯಗಳನ್ನು ಸುತ್ತಿ ಬರಬೇಕಾದ ವಿಚಿತ್ರ ಪರಿಸ್ಥಿತಿ ಒದಗಿತು. ಹಾಸನ–ಮಂಗಳೂರು ಮಾರ್ಗದ ಬೇಡಿಕೆಯು ಬಲಗೊಂಡದ್ದು ಈ ಹಿನ್ನೆಲೆಯಲ್ಲಿ. ಸಂಸತ್ ಸದಸ್ಯರಾಗಿದ್ದ ಉಳ್ಳಾಲ ಶ್ರೀನಿವಾಸ ಮಲ್ಯರು ಪಣಂಬೂರಿನ ಸರ್ವಋತು ಬಂದರಿಗಾಗಿ ದುಡಿದರು. ಬಂದರಿಗೆ ಒಳನಾಡಿನ ಸರಕು ಬರಬೇಕಾದರೆ ರೈಲು ಬೇಕೆಂಬ ತರ್ಕವು ಸಹಜವಾಗಿಯೇ ಬೆಳೆಯಿತು. 1965ರಲ್ಲಿ ತೀರಿಕೊಂಡ ಮಲ್ಯರು ಎರಡನ್ನೂ ಪೂರ್ಣವಾಗಿ ಕಾಣಲಿಲ್ಲ. ಬಂದರನ್ನು 1975ರ ಜನವರಿಯಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರು ಉದ್ಘಾಟಿಸಿದರು. ರೈಲು ಅದಕ್ಕೂ ನಾಲ್ಕು ವರ್ಷ ಹಿಂದೆ ಬಿತ್ತು.

ಮಾರ್ಗದ ನಿರ್ಮಾಣವು ಸಾಮಾನ್ಯ ಕಾರ್ಯವಾಗಿರಲಿಲ್ಲ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ನಿಲ್ದಾಣದವರೆಗಿನ ಸುಮಾರು 55 ಕಿಲೋಮೀಟರುಗಳಲ್ಲಿ ಐವತ್ತಕ್ಕೂ ಹೆಚ್ಚು ಸುರಂಗಗಳು, ನೂರಕ್ಕೂ ಹೆಚ್ಚು ಸೇತುವೆಗಳು. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವ ಹಾದಿ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಸಿರಿವಾಗಿಲು ಎಂಬ ನಿಲ್ದಾಣಗಳು ಕಾಡಿನ ನಡುವೆ ಇರುವುದು ಊರಿನವರಿಗಾಗಿ ಅಲ್ಲ, ಗಾಡಿಗಳು ಒಂದಕ್ಕೊಂದು ದಾರಿ ಬಿಟ್ಟುಕೊಡುವುದಕ್ಕಾಗಿ. ನೆಟ್ಟಣದಲ್ಲಿರುವ ನಿಲ್ದಾಣಕ್ಕೆ ಸುಬ್ರಹ್ಮಣ್ಯ ರೋಡ್ ಎಂದು ಹೆಸರು. ರೈಲ್ವೆಯ ಪರಿಭಾಷೆಯಲ್ಲಿ 'ರೋಡ್' ಎಂಬ ಪದ ಸೇರಿದರೆ ಊರು ಇನ್ನೂ ದೂರವಿದೆ ಎಂದರ್ಥ. ಕುಕ್ಕೆಯ ದೇವಸ್ಥಾನ ಅಲ್ಲಿಂದ ಹನ್ನೆರಡು ಕಿಲೋಮೀಟರಿನಷ್ಟು. ಆಂಧ್ರದಲ್ಲಿ ಇನ್ನೊಂದು ಪುತ್ತೂರು ನಿಲ್ದಾಣ ಇರುವುದರಿಂದ ನಮ್ಮ ಪುತ್ತೂರಿನ ನಿಲ್ದಾಣವು ಪಕ್ಕದ ಗ್ರಾಮದ ಹೆಸರನ್ನು ಜೊತೆಗಿಟ್ಟುಕೊಂಡು 'ಕಬಕ ಪುತ್ತೂರು' ಆಗಿದೆ.

ಈಗ ಹೊಗೆಯ ಪ್ರಶ್ನೆಗೆ ಮರಳಬಹುದು. ಚಿತ್ತರಂಜನ್ ಕಾರ್ಖಾನೆಯಲ್ಲಿ ಬ್ರಾಡ್‌ಗೇಜಿನ ಕಡೆಯ ಉಗಿಯಂತ್ರ ತಯಾರಾದದ್ದು 1970ರಲ್ಲಿ. ಅದಕ್ಕೆ 'ಅಂತಿಮ್ ಸಿತಾರಾ' ಎಂದು ಹೆಸರಿಟ್ಟಾಗ ಅಧಿಕಾರಿಗಳ ಮನಸ್ಸಿನಲ್ಲಿ ಸ್ವಿಂಡನ್ನಿನ ಸಂಜೆಯ ತಾರೆಯೇ ಇದ್ದಿರಬೇಕು. ಮೀಟರ್‌ಗೇಜಿನ ವೈಜಿ ವರ್ಗದ ಕಡೆಯ ಯಂತ್ರವು 1972ರಲ್ಲಿ ಹೊರಬಂತು. ಹೀಗೆ ನಮ್ಮ ಘಟ್ಟದಲ್ಲಿ ಗಾಡಿ ಓಡುವ ವೇಳೆಗೆ ದೇಶದಲ್ಲಿ ಉಗಿಯಂತ್ರಗಳ ತಯಾರಿಕೆ ನಿಂತು ಏಳು ವರ್ಷವಾಗಿತ್ತು. ಇನ್ನೂ ಒಂದು ಕಾಕತಾಳೀಯವನ್ನು ಗಮನಿಸಬೇಕು. ಅದೇ 1979ರಲ್ಲಿ ಮೈಸೂರಿನಲ್ಲಿ ರೈಲು ವಸ್ತುಸಂಗ್ರಹಾಲಯ ಸ್ಥಾಪಿತವಾಯಿತು. ಇಂಗ್ಲೆಂಡಿನ ಸ್ಟಾಫರ್ಡಿನ ಬ್ಯಾಗ್ನಲ್ ಕಂಪನಿಯ ಪುಟ್ಟ ಯಂತ್ರ, ಮಹಾರಾಣಿಯವರ ಸಲೂನು ಮೊದಲಾದವು ಅಲ್ಲಿ ನೋಟಕ್ಕೆ ನಿಂತವು. ಘಟ್ಟದ ಮೇಲೆ ಉಗಿಬಂಡಿಯು ವಸ್ತುಸಂಗ್ರಹಾಲಯವನ್ನು ಸೇರಿದ ವರ್ಷದಲ್ಲೇ ಘಟ್ಟದ ಕೆಳಗಿನ ಕಾಣಿಯೂರು, ಎಡಮಂಗಲಗಳಿಗೆ ರಾಜಧಾನಿಯ ಕಡೆಗೆ ಹೋಗುವ ರೈಲು ಎಂಬುದು ಹೊಚ್ಚಹೊಸ ವಸ್ತುವಾಗಿ ಒದಗಿತು!

ಹಾಗೆಂದು ಹಿರಿಯರ ಮಾತನ್ನು ಸುಳ್ಳೆಂದು ತಳ್ಳಿಹಾಕುವುದೂ ಅವಿವೇಕವೇ. ಘಟ್ಟದಲ್ಲಿ ದುಡಿದ ವೈಡಿಎಂ–4 ವರ್ಗದ ಡೀಸೆಲ್ ಇಂಜಿನುಗಳು ಅಮೆರಿಕದ ಆಲ್ಕೋ ಕಂಪನಿಯ ವಿನ್ಯಾಸದವು. ಮುಂದೆ ವಾರಾಣಸಿಯಲ್ಲೂ ತಯಾರಾದವು. ಭಾರವನ್ನೆಳೆದು ಏರು ಹತ್ತುವಾಗ ಇವು ಕಾರುತ್ತಿದ್ದ ಕಡುಗಪ್ಪು ಹೊಗೆಗೆ ರೈಲು ಬಲ್ಲವರಲ್ಲಿ ದೊಡ್ಡ ಹೆಸರೇ ಇದೆ. ಸುರಂಗದೊಳಗೆ ಕಿಟಕಿ ಮುಚ್ಚದೆ ಕುಳಿತವನ ಅಂಗಿಗೆ ಮಸಿ ಹಿಡಿದದ್ದು ಡೀಸೆಲಿನದೋ ಕಲ್ಲಿದ್ದಲಿನದೋ ಎಂದು ಹತ್ತು ವರ್ಷದ ಬಾಲಕನು ವಿಚಾರಿಸುವನೆ? ಅವನ ಮಟ್ಟಿಗೆ ಅದು ಹೊಗೆಬಂಡಿ. ಕನ್ನಡದಲ್ಲಿ ಆ ಹೆಸರು ಮೊದಲೇ ಸಿದ್ಧವಾಗಿತ್ತು. ಚಿಕ್ಕ ತರಗತಿಯ ಮಕ್ಕಳ ಬಾಯಲ್ಲಿ 'ಚುಕುಬುಕು' ಎಂಬ ಶಬ್ದವೂ ಸಿದ್ಧವಾಗಿತ್ತು. ವಸ್ತು ಬದಲಾದರೂ ಹೆಸರು ಉಳಿಯಿತು, ಹೆಸರು ತನ್ನೊಡನೆ ಚಿತ್ರವನ್ನೂ ಎಳೆದು ತಂದಿತು. ಆದಕಾರಣ ನಮ್ಮ ವಿದ್ಯಾರ್ಥಿಗಳ ಬರಹದ ಹೊಗೆಯು ಮೂರು ಮೂಲಗಳಿಂದ ಬಂದದ್ದೆನ್ನಬಹುದು: ಮಂಗಳೂರು ನಿಲ್ದಾಣದ ಕಲ್ಲಿದ್ದಲು, ಯುದ್ಧಕಾಲದ ಬಸ್ಸಿನ ಇದ್ದಿಲು, ಘಟ್ಟದ ಡೀಸೆಲು.

ಅವರು ನಿಜವಾಗಿ ಕಳೆದುಕೊಂಡದ್ದು ಯಾವುದು? ನಮಗೆ ತೋರುವಂತೆ, ಮೀಟರ್‌ಗೇಜಿನ ಗಾಡಿಯನ್ನು. ಒಂದು ಮೀಟರು ಅಗಲದ ಹಳಿ, ಚಿಕ್ಕ ಡಬ್ಬಿಗಳು, ನಿಧಾನದ ಓಟ, ನರಿಮೊಗರು, ಕಾಣಿಯೂರು, ಎಡಮಂಗಲ, ಕೋಡಿಂಬಾಳ ಎಂಬ ಚಿಕ್ಕ ಊರುಗಳ ನಿಲುಗಡೆ. ಈ ವ್ಯವಸ್ಥೆ ಬಾಳಿದ್ದು ಕೇವಲ ಹದಿನೇಳು ವರ್ಷ. ಸರಕಿನ ಲೆಕ್ಕಾಚಾರವೂ ಅದಕ್ಕೆ ಒಲಿಯಲಿಲ್ಲ. ಕುದುರೆಮುಖದ ಅದಿರು ಸುಮಾರು 67 ಕಿಲೋಮೀಟರಿನ ಕೊಳವೆಯಲ್ಲಿ ಕೆಸರಾಗಿ ಹರಿದು ನೇರವಾಗಿ ಪಣಂಬೂರನ್ನು ಸೇರಿತು. 1992ರಲ್ಲಿ ಆರಂಭವಾದ ಏಕಗೇಜ್ ಯೋಜನೆಯ ಮೇರೆಗೆ 1996ರಲ್ಲಿ ಈ ಮಾರ್ಗವನ್ನು ಬ್ರಾಡ್‌ಗೇಜಿಗೆ ಪರಿವರ್ತಿಸಲು ಮುಚ್ಚಲಾಯಿತು. ಘಟ್ಟದಲ್ಲಿ ಸರಕಿನ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹದಿನೇಳು ವರ್ಷ ಓಡಿದ ರೈಲು ಹನ್ನೊಂದು ವರ್ಷ ನಿಂತಿತು. ಆ ಹನ್ನೊಂದು ವರ್ಷಗಳಲ್ಲಿ ಬೆಂಗಳೂರಿಗೆ ಕಲಿಯಲು ಹೋದ ಮಕ್ಕಳು, ಹೋಟೆಲು ಕೆಲಸಕ್ಕೆ ಹೋದ ಹುಡುಗರು, ರಾತ್ರಿ ಬಸ್ಸಿಗೆ ಒಗ್ಗಿಹೋದರು. ಒಂದು ಪೀಳಿಗೆಗೆ ಹಳಿ ಎಂದರೆ ಹುಲ್ಲು ಬೆಳೆದ ದಾರಿ. ಇಂಗ್ಲೆಂಡಿನಲ್ಲಿ ಬೀಚಿಂಗ್ ವರದಿಯ ಬಳಿಕ ಹಳ್ಳಿಗಳ ಕವಲುಮಾರ್ಗಗಳು ಮುಚ್ಚಿದಾಗ ಜನರು ಉಗಿಯ ಹೆಸರಿನಲ್ಲಿ ಮರುಗಿದ್ದು ವಸ್ತುತಃ ತಮ್ಮ ಊರ ನಿಲ್ದಾಣಕ್ಕಾಗಿ. ಈ ಒಂದು ಅಂಶದಲ್ಲಿ ಕಾಣಿಯೂರಿಗೂ ಇಂಗ್ಲೆಂಡಿನ ಹಳ್ಳಿಗೂ ಸಾಮ್ಯವುಂಟು.

ಸುಳ್ಯದ ವಿಷಯ ಬೇರೆಯೇ. ಸುಳ್ಯ ಪೇಟೆಗೆ ಎಂದೂ ರೈಲು ಬರಲಿಲ್ಲ. ತಾಲೂಕಿನ ಅಂಚಿನಲ್ಲಿ ಎಡಮಂಗಲ ಇತ್ತು. ಪುತ್ತೂರು, ಸುಳ್ಯಗಳ ಗ್ರಾಮಗಳನ್ನು ಸೇರಿಸಿ ಕಡಬ ತಾಲೂಕನ್ನು ರಚಿಸಿದಾಗ ಅದೂ ಆ ಕಡೆಗೆ ಹೋಯಿತು. ಕಾಸರಗೋಡು ಜಿಲ್ಲೆಯ ಕಾಞಂಗಾಡಿನಿಂದ ಪಾಣತ್ತೂರು, ಸುಳ್ಯಗಳ ಮೂಲಕ ಕಾಣಿಯೂರಿಗೆ ಸುಮಾರು 90 ಕಿಲೋಮೀಟರಿನ ಹೊಸ ಮಾರ್ಗ ಬೇಕೆಂಬ ಬೇಡಿಕೆ ಬಹುಕಾಲದ್ದು. ಸರ್ವೇಕ್ಷಣೆಯೂ ನಡೆದಿದೆ, ಹಳಿ ಬಂದಿಲ್ಲ. ಸುಳ್ಯದ ವಿದ್ಯಾರ್ಥಿಯೊಬ್ಬನು ತನ್ನ ಬರಹದಲ್ಲಿ, ನಮ್ಮಲ್ಲಿ ರೈಲಿನ ನೆನಪಿಲ್ಲ, ಸರ್ವೆಯವರು ಬಂದ ನೆನಪು ಮಾತ್ರ ಇದೆ, ಎಂದು ಒಂದೇ ಮಾತಿನಲ್ಲಿ ಮುಗಿಸಿದ್ದನು. ನಾವು ಓದಿದ ಬರಹಗಳಲ್ಲಿ ಅತ್ಯಂತ ಚಿಕ್ಕದಾದ ಅದಕ್ಕೆ ಹೆಚ್ಚಿನ ಅಂಕ ಕೊಟ್ಟೆವು.

ಘಟ್ಟದ ಮಾರ್ಗದ ಬಗ್ಗೆ ಇನ್ನೊಂದು ಬಗೆಯ ಹಂಬಲವು ಹೊರಗಿನಿಂದ ಬಂದಿದೆ. ಪಟ್ಟಣಗಳ ತರುಣರು ಇದಕ್ಕೆ 'ಹಸಿರು ದಾರಿ' ಎಂಬರ್ಥದ ಇಂಗ್ಲಿಷ್ ಹೆಸರಿಟ್ಟು, ದೋಣಿಗಲ್ಲಿನಿಂದ ಎಡಕುಮೇರಿಗೆ ಹಳಿಯ ಮೇಲೆಯೇ ನಡೆಯುತ್ತಿದ್ದರು. ಅಪಾಯಕರವಾದ್ದರಿಂದ ರೈಲ್ವೆಯು ಅದನ್ನು ನಿಷೇಧಿಸಿತು. ಆ ನಡಿಗೆಯ ವರ್ಣನೆಗಳು ಇಂಗ್ಲಿಷಿನಲ್ಲೂ ಕನ್ನಡದಲ್ಲೂ ಹೇರಳವಾಗಿವೆ. ಮಳೆಗಾಲದ ರಾತ್ರಿಯಲ್ಲಿ ಲಾಟೀನೋ ಟಾರ್ಚೋ ಹಿಡಿದು ಅದೇ ಹಳಿಯ ಮೇಲೆ ಗಸ್ತು ನಡೆಯುವ ಗ್ಯಾಂಗ್‌ಮನ್ನನ ವರ್ಣನೆ ಮಾತ್ರ ನಮ್ಮ ಕೈಗೆ ಸಿಕ್ಕಿಲ್ಲ. 2018ರ ಆಗಸ್ಟಿನಲ್ಲಿ ಗುಡ್ಡಗಳು ಕುಸಿದು ಸಂಚಾರ ನಿಂತಾಗ, 2024ರ ಜುಲೈಯಲ್ಲಿ ಎಡಕುಮೇರಿ, ಕಡಗರವಳ್ಳಿಗಳ ನಡುವೆ ಮತ್ತೆ ಕುಸಿದಾಗ, ಮಣ್ಣು ತೆಗೆದು ಹಳಿಯನ್ನು ನಿಲ್ಲಿಸಿದವರು ಯಾರೆಂಬುದು ಚರಿತ್ರೆಗೆ ಬೇಡವಾದ ವಿಷಯವಲ್ಲ.

ನಮ್ಮ ಕಾಲೇಜುಗಳು ಇಲ್ಲಿ ಮಾಡಬಹುದಾದ ಕೆಲಸವೊಂದಿದೆ. ಮೀಟರ್‌ಗೇಜ್ ಕಾಲದ ದಪ್ಪ ರಟ್ಟಿನ ಟಿಕೇಟುಗಳು, ವೇಳಾಪಟ್ಟಿಗಳು, ಮದುವೆ ಕರೆಯೋಲೆಗಳಲ್ಲಿ ಅಚ್ಚಾದ 'ರೈಲಿನ ಸೌಕರ್ಯವಿದೆ' ಎಂಬಂಥ ಸೂಚನೆಗಳು ಈ ಮೂರು ತಾಲೂಕುಗಳ ಮನೆಗಳ ಅಟ್ಟದಲ್ಲಿ ಇನ್ನೂ ಇದ್ದಾವು. ಮಾರ್ಗವನ್ನು ಕಟ್ಟಿದವರಲ್ಲಿ, ಸುರಂಗ ಕೊರೆದವರಲ್ಲಿ ಬದುಕಿರುವವರಿಗೆ ಈಗ ಎಪ್ಪತ್ತರ ಮೇಲೆ. ಹತ್ತು ವರ್ಷ ಬಿಟ್ಟು ಕೇಳಿದರೆ ಉತ್ತರ ಹೇಳುವವರು ಇರುವುದಿಲ್ಲ. ಕೇಳುವಾಗ ಹೊಗೆಯ ವಿಷಯವನ್ನು ನಾವಾಗಿ ಎತ್ತಬಾರದೆಂಬುದು ನಮ್ಮ ಅನುಭವ. ಎತ್ತಿದರೆ ಉತ್ತರವೆಲ್ಲ ಹೊಗೆಯೇ ಆಗುತ್ತದೆ.

ಕಾಣಿಯೂರಿನ ಸಮೀಪದ ವೃದ್ಧೆಯೊಬ್ಬರನ್ನು ನಾವೇ ಹೋಗಿ ಕಂಡೆವು. ರೈಲಿನಲ್ಲಿ ಎಷ್ಟು ಸಲ ಹೋಗಿದ್ದೀರಿ ಅಮ್ಮ, ಎಂದು ಕೇಳಿದಾಗ, ಎರಡೇ ಸಲ, ಎಂದರು. ಹಾಗಾದರೆ ರೈಲು ನಿಂತದ್ದರಿಂದ ನಿಮಗೆ ಆದದ್ದೇನು ಎಂದು ಕೇಳಿದೆವು. ತೋಟದ ಕೆಲಸದವರಿಗೆ ಚಹಾ ಕೊಡುವುದು ಗಾಡಿಯ ಶಬ್ದದ ಲೆಕ್ಕದಲ್ಲಿತ್ತಂತೆ. ಗಾಡಿ ನಿಂತ ಮೇಲೆ ಕೆಲವು ದಿನ ಹೊತ್ತು ತಪ್ಪಿತು. ಆಮೇಲೆ ಮಗನು ಪುತ್ತೂರಿನಿಂದ ಗೋಡೆಗೆ ನೇತುಹಾಕುವ ಗಡಿಯಾರವೊಂದನ್ನು ತಂದನು. ಆ ಗಡಿಯಾರ ಈಗಲೂ ಜಗಲಿಯಲ್ಲಿದೆ. ಹೊಸ ಗಾಡಿಯ ಶಬ್ದವೂ ಅವರ ತೋಟಕ್ಕೆ ಕೇಳಿಸುತ್ತದೆ, ಆದರೆ ಅದು ಯಾವ ಹೊತ್ತಿನದೆಂದು ಅವರು ಲೆಕ್ಕ ಇಟ್ಟುಕೊಂಡಿಲ್ಲ.